ಬೆನ್ನುಮೂಳೆಯ ಆಪರೇಷನ್‌ಗೆ ಮುಂಚೆ ಬಾಗಿಸಿ ತೆಗೆಯುವ ಎಕ್ಸ್‌ರೇ ಏಕೆ ಬೇಕು? – ಪೋಷಕರಿಗೆ ಹಾಗೂ ಅರ್ಜಿದಾರರಿಗೆ ತಿಳುವಳಿಕೆ



ನಮ್ಮ ಟ್ರಸ್ಟ್‌ನ ವೈದ್ಯಕೀಯ ನೆರವು ವಿಭಾಗಕ್ಕೆ ಬರುವ ಅರ್ಜಿಗಳಲ್ಲಿ ಹದಿಹರೆಯದ ಮಕ್ಕಳ ಬೆನ್ನುಮೂಳೆ ಡೊಂಕಾಗುವ ತೊಂದರೆ, ಅಂದರೆ ಸ್ಕೋಲಿಯೋಸಿಸ್‌ಗೆ ಸಂಬಂಧಿಸಿದವೂ ಇರುತ್ತವೆ. ಇಂಥ ಅರ್ಜಿಯೊಂದಿಗೆ ಆಸ್ಪತ್ರೆಯ ಖರ್ಚಿನ ಅಂದಾಜು ಪತ್ರ, ರೇಷನ್ ಕಾರ್ಡ್, ಜಮಾಅತ್‌ನ ಪತ್ರ ಎಲ್ಲವೂ ಇರುತ್ತವೆ. ಆದರೆ ಮಗುವನ್ನು ಬಾಗಿಸಿ ತೆಗೆದ ಎಕ್ಸ್‌ರೇ ಮಾತ್ರ ಇರುವುದಿಲ್ಲ. ಕೇಳಿದರೆ, "ನಿಲ್ಲಿಸಿ ಒಂದು ಎಕ್ಸ್‌ರೇ ತೆಗೆದಾಗಿದೆಯಲ್ಲ, ಮತ್ತೆ ಮೂರು ನಾಲ್ಕು ಯಾಕೆ? ಸುಮ್ಮನೆ ಖರ್ಚು" ಎಂಬ ಉತ್ತರ ಬರುತ್ತದೆ. ಈ ಮಾತನ್ನು ನಾವು ತಪ್ಪೆನ್ನುವುದಿಲ್ಲ. ಬಡ ಕುಟುಂಬಕ್ಕೆ ಪ್ರತಿ ನೂರು ರೂಪಾಯಿಯೂ ಲೆಕ್ಕವೇ. ಆದರೂ ಈ ಪರೀಕ್ಷೆಗೆ ಮಾತ್ರ ಕೈಹಿಡಿತ ಮಾಡಬಾರದು. ಮಗುವಿನ ಬೆನ್ನಿನಲ್ಲಿ ಎಷ್ಟು ಮಣಿಗಳನ್ನು ಶಾಶ್ವತವಾಗಿ ಬೆಸೆಯಬೇಕು, ಎಷ್ಟನ್ನು ಬಿಡಬಹುದು ಎಂದು ತೀರ್ಮಾನಿಸಲು ವೈದ್ಯರು ಬಹುಮಟ್ಟಿಗೆ ನಂಬುವುದು ಇದನ್ನೇ. ಆದ್ದರಿಂದ ಈ ವರ್ಷದ ವರದಿಯಲ್ಲಿ ಇದನ್ನು ಸ್ವಲ್ಪ ವಿವರವಾಗಿ ತಿಳಿಸಲು ಬಯಸುತ್ತೇವೆ.

ಸ್ಕೋಲಿಯೋಸಿಸ್ ಎಂದರೇನು?

ನಮ್ಮ ಬೆನ್ನುಮೂಳೆ ಒಂದೇ ಮೂಳೆಯಲ್ಲ. ಕುತ್ತಿಗೆಯಲ್ಲಿ 7, ಎದೆಯ ಭಾಗದಲ್ಲಿ 12, ಸೊಂಟದ ಭಾಗದಲ್ಲಿ 5 ಮಣಿಗಳು ಒಂದರ ಮೇಲೊಂದು ಕೂತಿರುತ್ತವೆ. ಮಣಿಗಳ ನಡುವೆ ಡಿಸ್ಕ್ ಎಂಬ ಮೆತ್ತೆಯಿರುತ್ತದೆ. ನಾವು ಬಾಗಲು, ತಿರುಗಲು ಸಾಧ್ಯವಾಗುವುದು ಈ ರಚನೆಯಿಂದ. ಹಿಂದಿನಿಂದ ನೋಡಿದರೆ ಈ ಸಾಲು ನೇರವಾಗಿರಬೇಕು. ಕೆಲವು ಮಕ್ಕಳಲ್ಲಿ ಅದು ಪಕ್ಕಕ್ಕೆ ಬಾಗುತ್ತದೆ, ಜೊತೆಗೆ ತಿರುಚಿಕೊಳ್ಳುತ್ತದೆ. ತಿರುಚುವುದರಿಂದ ಒಂದು ಬದಿಯ ಪಕ್ಕೆಲುಬುಗಳು ಹಿಂದಕ್ಕೆ ಉಬ್ಬುತ್ತವೆ.

ಎಕ್ಸ್‌ರೇಯಲ್ಲಿ ಈ ಬಾಗನ್ನು ಅಳೆಯುವ ವಿಧಾನವನ್ನು 1948ರಲ್ಲಿ ಅಮೆರಿಕದ ಮೂಳೆ ವೈದ್ಯ ಜಾನ್ ಕಾಬ್ ಪ್ರಕಟಿಸಿದರು. ಅದನ್ನೇ ಇಂದಿಗೂ ಕಾಬ್ ಕೋನ ಎನ್ನುತ್ತಾರೆ. ಈ ಕೋನ 10 ಡಿಗ್ರಿ ಅಥವಾ ಹೆಚ್ಚಿದ್ದರೆ ಸ್ಕೋಲಿಯೋಸಿಸ್. 10 ವರ್ಷದಿಂದ 18 ವರ್ಷದ ಮಕ್ಕಳಲ್ಲಿ ನೂರಕ್ಕೆ ಎರಡು ಮೂರು ಮಂದಿಗೆ ಇಷ್ಟು ಬಾಗು ಇರುತ್ತದೆ. ಹೆಚ್ಚಿನವರಿಗೆ ಚಿಕಿತ್ಸೆಯೇ ಬೇಕಾಗುವುದಿಲ್ಲ. ಆದರೆ ಬಾಗು ಬೆಳೆಯುತ್ತಾ ಹೋಗಿ ಆಪರೇಷನ್‌ವರೆಗೆ ಬರುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು.

ಹದಿಹರೆಯದ ಸ್ಕೋಲಿಯೋಸಿಸ್‌ನಲ್ಲಿ ಬಹುಪಾಲಿಗೆ ಇಂಥದೇ ಕಾರಣ ಎಂದು ಹೇಳಲಾಗದು. ವಂಶವಾಹಿಯ ಪಾತ್ರವಿದೆ. ಶಾಲೆಯ ಚೀಲ ಭಾರವಾದ್ದರಿಂದ ಬಂದದ್ದಲ್ಲ, ಮದ್ರಸಾದಲ್ಲಿ ಬಗ್ಗಿ ಕುಳಿತು ಓದಿದ್ದರಿಂದ ಬಂದದ್ದಲ್ಲ, ನಝರ್ ತಾಗಿ ಆದದ್ದೂ ಅಲ್ಲ. ಮಗುವಿನ ತಪ್ಪಿಲ್ಲ, ತಾಯಿಯ ತಪ್ಪೂ ಇಲ್ಲ.

ಮನೆಯಲ್ಲೇ ಗಮನಿಸುವುದು ಹೇಗೆ?

ವೈದ್ಯರು ಮೊದಲು ಮಾಡುವ ಪರೀಕ್ಷೆ ಬಹಳ ಸರಳ. ಮಗುವನ್ನು ಕಾಲು ಜೋಡಿಸಿ ನಿಲ್ಲಿಸಿ, ಮೊಣಕಾಲು ಮಡಿಸದೆ ಮುಂದಕ್ಕೆ ಬಾಗಿಸುತ್ತಾರೆ. ಹಿಂದಿನಿಂದ ನೋಡಿದಾಗ ಬೆನ್ನಿನ ಒಂದು ಬದಿ ಇನ್ನೊಂದಕ್ಕಿಂತ ಎತ್ತರವಾಗಿ ಕಂಡರೆ ಸಂಶಯ ಪಡಬೇಕು. ನಮಾಝ್‌ನ ರುಕೂಅನ್ನು ಬಲ್ಲ ಯಾವ ತಾಯಿಗೂ ಇದನ್ನು ಬೇರೆ ಕಲಿಸಬೇಕಿಲ್ಲ. ತೆಳು ಬಟ್ಟೆಯಲ್ಲಿ ಮಗಳು ಹಾಗೆ ಬಾಗಿದಾಗ ಒಮ್ಮೆ ಹಿಂದಿನಿಂದ ಗಮನಿಸಿದರೆ ಸಾಕು. ಒಂದು ಭುಜ ಮೇಲೆ ಒಂದು ಕೆಳಗೆ, ಒಂದು ಹೆಗಲಮೂಳೆ ಎದ್ದಿರುವುದು, ಸೊಂಟದ ಒಂದು ಬದಿ ಒಳಗೆ ಹೋದಂತಿರುವುದು, ಇವೂ ಸೂಚನೆಗಳೇ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಸಣ್ಣ ಮಕ್ಕಳನ್ನು ತಾಯಿಯೇ ಸ್ನಾನ ಮಾಡಿಸುತ್ತಾಳೆ, ಬೆನ್ನು ಕಾಣುತ್ತದೆ. ಹನ್ನೊಂದು ಹನ್ನೆರಡು ವರ್ಷವಾದ ಮೇಲೆ ಮಗಳ ಬೆನ್ನನ್ನು ಮನೆಯವರೂ ನೋಡುವುದಿಲ್ಲ, ಸಡಿಲ ಉಡುಪಿನಲ್ಲಿ ಏನೂ ತಿಳಿಯುವುದಿಲ್ಲ. ಬಾಗು ವೇಗವಾಗಿ ಹೆಚ್ಚುವುದು ಮಗು ಎತ್ತರ ಬೆಳೆಯುವ ಅದೇ ವರ್ಷಗಳಲ್ಲಿ. ನೋವು ಅಷ್ಟಾಗಿ ಇರುವುದಿಲ್ಲವಾದ್ದರಿಂದ ಮಗುವೂ ಹೇಳುವುದಿಲ್ಲ.

ಬೆಳೆಯುತ್ತಿರುವ ಮಗುವಿಗೆ ಬಾಗು ಸುಮಾರು 25ರಿಂದ 40 ಡಿಗ್ರಿಯ ಒಳಗಿದ್ದಾಗಲೇ ಗೊತ್ತಾದರೆ ಬ್ರೇಸ್ ಎಂಬ ಬೆಲ್ಟ್‌ನಂಥ ಕವಚದಿಂದ ಅದನ್ನು ತಡೆಯುವ ಅವಕಾಶವಿದೆ. 2013ರಲ್ಲಿ ಪ್ರಕಟವಾದ ಅಮೆರಿಕ-ಕೆನಡಾದ ದೊಡ್ಡ ಅಧ್ಯಯನದಲ್ಲಿ ಬ್ರೇಸ್ ಧರಿಸಿದವರಲ್ಲಿ ನೂರಕ್ಕೆ 72 ಮಂದಿಯ ಬಾಗು ಆಪರೇಷನ್‌ನ ಮಟ್ಟ ತಲುಪಲಿಲ್ಲ. ಧರಿಸದವರಲ್ಲಿ ಈ ಸಂಖ್ಯೆ 48. ದಿನಕ್ಕೆ ಹೆಚ್ಚು ಗಂಟೆ ಧರಿಸಿದಷ್ಟೂ ಫಲ ಹೆಚ್ಚು. ಬಾಗು 45–50 ಡಿಗ್ರಿ ದಾಟಿದರೆ ಬ್ರೇಸ್ ಉಪಯೋಗಕ್ಕೆ ಬರುವುದಿಲ್ಲ. ಎದೆಯ ಭಾಗದ ಬಾಗು 50 ಡಿಗ್ರಿ ಮೀರಿದ್ದರೆ ಬೆಳವಣಿಗೆ ನಿಂತ ಮೇಲೂ ವರ್ಷಕ್ಕೆ ಸರಾಸರಿ ಸುಮಾರು ಒಂದು ಡಿಗ್ರಿಯಂತೆ ಹೆಚ್ಚಬಹುದು. ಆಗ ವೈದ್ಯರು ಆಪರೇಷನ್ ಮಾತು ಎತ್ತುತ್ತಾರೆ.

ಆಪರೇಷನ್‌ನಲ್ಲಿ ಏನು ಮಾಡುತ್ತಾರೆ?

ಬಾಗಿದ ಭಾಗದ ಮಣಿಗಳಿಗೆ ಸ್ಕ್ರೂ ಹಾಕಿ, ಎರಡು ಬದಿಯಲ್ಲಿ ಲೋಹದ ರಾಡ್ ಜೋಡಿಸಿ, ಬೆನ್ನನ್ನು ಸಾಧ್ಯವಾದಷ್ಟು ನೇರಕ್ಕೆ ತರುತ್ತಾರೆ. ನಂತರ ಆ ಮಣಿಗಳ ಮೇಲೆ ಮೂಳೆಯ ಚೂರುಗಳನ್ನು ಇಡುತ್ತಾರೆ. ತಿಂಗಳುಗಳು ಕಳೆದಂತೆ ಆ ಮಣಿಗಳೆಲ್ಲ ಬೆಸೆದು ಒಂದೇ ಮೂಳೆಯಾಗುತ್ತವೆ. ರಾಡ್ ಬಳಸುವ ಪದ್ಧತಿಯನ್ನು 1962ರಲ್ಲಿ ಪ್ರಕಟಿಸಿದವರು ಅಮೆರಿಕದ ಪಾಲ್ ಹ್ಯಾರಿಂಗ್ಟನ್. ಅಂದಿನ ರಾಡ್ ಬೆನ್ನನ್ನು ಮೇಲೆ ಕೆಳಗೆ ಎಳೆದು ಹಿಡಿಯುತ್ತಿತ್ತು. ಸೊಂಟದ ಕೆಳಭಾಗದವರೆಗೆ ಬೆಸೆದ ಕೆಲವರಲ್ಲಿ ಸೊಂಟದ ಸಹಜ ಒಳಬಾಗು ಹೋಗಿ, ವರ್ಷಗಳ ನಂತರ ನೋವು ಕಾಣಿಸಿಕೊಂಡಿತು. ಎಷ್ಟು ನೇರ ಮಾಡಿದೆವು ಎಂಬುದರಷ್ಟೇ, ಎಷ್ಟು ಮಣಿಗಳನ್ನು ಬೆಸೆಯದೆ ಉಳಿಸಿದೆವು ಎಂಬುದೂ ಮುಖ್ಯ ಎಂಬ ಪಾಠವನ್ನು ವೈದ್ಯಲೋಕ ಹೀಗೆ ಕಲಿತಿತು.

ಬೆಸೆದ ಮಣಿಗಳು ಮತ್ತೆ ಬಾಗುವುದಿಲ್ಲ. ಉದಾಹರಣೆಗೆ, ಎದೆಯ 4ನೇ ಮಣಿಯಿಂದ ಸೊಂಟದ 1ನೇ ಮಣಿಯವರೆಗೆ ಬೆಸೆದರೆ 10 ಮಣಿಗಳು ಒಂದಾಗುತ್ತವೆ. ಅದರ ಕೆಳಗೆ 5 ಡಿಸ್ಕ್‌ಗಳು ಅಲುಗಾಡಲು ಉಳಿಯುತ್ತವೆ. ಸೊಂಟದ 4ನೇ ಮಣಿಯವರೆಗೆ ಹೋದರೆ 13 ಮಣಿಗಳು ಒಂದಾಗಿ, ಕೆಳಗೆ ಉಳಿಯುವುದು 2 ಡಿಸ್ಕ್ ಮಾತ್ರ. ಹದಿನಾಲ್ಕು ವರ್ಷದ ಮಗು ಮುಂದಿನ ಐವತ್ತು ಅರವತ್ತು ವರ್ಷ ಬಾಗಿ ಏಳುವುದು ಈ ಉಳಿದ ಡಿಸ್ಕ್‌ಗಳ ಮೇಲೆಯೇ. ಮೂರು ಮಣಿ ಉಳಿಸುವುದು ಚಿಕ್ಕ ಮಾತಲ್ಲ.

ಬಾಗಿಸಿ ತೆಗೆಯುವ ಎಕ್ಸ್‌ರೇ ಹೇಳುವುದೇನು?

ನಿಂತು ತೆಗೆದ ಎಕ್ಸ್‌ರೇ ಬಾಗು ಎಷ್ಟಿದೆ ಎಂದು ಮಾತ್ರ ಹೇಳುತ್ತದೆ. ಆ ಬಾಗು ಎಳೆ ಕಬ್ಬಿನಂತೆ ಬಳುಕುತ್ತದೆಯೋ, ಒಣ ಬಿದಿರಿನಂತೆ ಪೆಡಸಾಗಿದೆಯೋ ಎಂದು ಹೇಳುವುದಿಲ್ಲ. ಅದಕ್ಕೆ ಬೆನ್ನನ್ನು ಬಾಗಿನ ವಿರುದ್ಧ ದಿಕ್ಕಿಗೆ ಬಗ್ಗಿಸಿಯೇ ನೋಡಬೇಕು.

ಅನೇಕ ಮಕ್ಕಳ ಬೆನ್ನಿನಲ್ಲಿ ಒಂದಲ್ಲ, ಎರಡು ಬಾಗುಗಳಿರುತ್ತವೆ. ಎದೆಯಲ್ಲಿ ಬಲಕ್ಕೆ ಒಂದು, ಸೊಂಟದಲ್ಲಿ ಎಡಕ್ಕೆ ಒಂದು. ಇವುಗಳಲ್ಲಿ ಒಂದು ನಿಜವಾದ ರೋಗದ ಬಾಗು. ಇನ್ನೊಂದು, ತಲೆ ಸೊಂಟದ ನೇರಕ್ಕೆ ಬರಲೆಂದು ದೇಹ ತಾನೇ ಮಾಡಿಕೊಂಡ ಹೊಂದಾಣಿಕೆ ಇರಬಹುದು. ಹೊಂದಾಣಿಕೆಯ ಬಾಗನ್ನು ಬೆಸೆಯುವ ಅಗತ್ಯ ಅನೇಕ ವೇಳೆ ಇರುವುದಿಲ್ಲ. ಮುಖ್ಯ ಬಾಗು ನೆಟ್ಟಗಾದರೆ ಅದೂ ತಾನಾಗಿ ಸರಿಹೋಗುತ್ತದೆ. 2001ರಲ್ಲಿ ಬಂದ ಲೆಂಕೆ ವರ್ಗೀಕರಣ ಇದಕ್ಕೊಂದು ಅಳತೆ ಕೊಟ್ಟಿತು. ಪಕ್ಕಕ್ಕೆ ಬಾಗಿಸಿದಾಗಲೂ ಚಿಕ್ಕ ಬಾಗು 25 ಡಿಗ್ರಿ ಅಥವಾ ಹೆಚ್ಚು ಉಳಿದರೆ ಅದನ್ನು ಪೆಡಸು ಬಾಗು ಎಂದು ಗಣಿಸುತ್ತಾರೆ, 25ಕ್ಕಿಂತ ಕೆಳಗಿಳಿದರೆ ಬಳುಕುವ ಬಾಗು. ಪಕ್ಕದಿಂದ ತೆಗೆದ ಎಕ್ಸ್‌ರೇಯಲ್ಲಿ ಕಾಣುವ ಗೂನನ್ನೂ ಇದರ ಜೊತೆಗೆ ನೋಡುತ್ತಾರೆ.

ಲೆಕ್ಕ ಹೀಗಿದೆ. ನಿಂತಾಗಿನ ಡಿಗ್ರಿಯಿಂದ ಬಾಗಿಸಿದಾಗಿನ ಡಿಗ್ರಿಯನ್ನು ಕಳೆದು, ನಿಂತಾಗಿನ ಡಿಗ್ರಿಯಿಂದ ಭಾಗಿಸಿ, ನೂರರಿಂದ ಗುಣಿಸಬೇಕು. ಇಬ್ಬರು ಹುಡುಗಿಯರನ್ನು ಊಹಿಸಿಕೊಳ್ಳೋಣ. ಇಬ್ಬರಿಗೂ ಎದೆಯ ಬಾಗು ನಿಂತಾಗ 60 ಡಿಗ್ರಿ, ಸೊಂಟದ ಬಾಗು 40 ಡಿಗ್ರಿ. ನಿಂತ ಎಕ್ಸ್‌ರೇ ಮಾತ್ರ ನೋಡಿದರೆ ಇಬ್ಬರದೂ ಒಂದೇ ಕಾಯಿಲೆ, ಒಂದೇ ಆಪರೇಷನ್ ಎನಿಸುತ್ತದೆ.

ಬಾಗಿಸಿ ನೋಡಿದಾಗ ಮೊದಲನೆಯವಳ ಎದೆಯ ಬಾಗು 24ಕ್ಕೆ ಇಳಿಯಿತು, ಅಂದರೆ ನೂರಕ್ಕೆ 60ರಷ್ಟು ಬಳುಕು. ಸೊಂಟದ ಬಾಗು 12ಕ್ಕೆ ಇಳಿಯಿತು. ಇವಳಿಗೆ ಎದೆಯ ಬಾಗನ್ನಷ್ಟೇ ಬೆಸೆದು ಸೊಂಟವನ್ನು ಬಿಡುವ ಬಗ್ಗೆ ವೈದ್ಯರು ಯೋಚಿಸಬಹುದು. ಎರಡನೆಯವಳ ಎದೆಯ ಬಾಗು 48ಕ್ಕೆ ಮಾತ್ರ ಇಳಿಯಿತು, ಬಳುಕು ನೂರಕ್ಕೆ 20. ಸೊಂಟದ ಬಾಗು 30ರಲ್ಲೇ ನಿಂತಿತು. ಇವಳಿಗೆ ಎರಡೂ ಬಾಗುಗಳನ್ನು ಬೆಸೆಯಬೇಕಾಗಬಹುದು. ಎದೆಯ ಭಾಗವನ್ನು ಸಡಿಲಿಸಲು ಮೂಳೆಯನ್ನು ಅಲ್ಲಲ್ಲಿ ಕತ್ತರಿಸಬೇಕಾಗಬಹುದು. ಆಪರೇಷನ್ ಸಮಯ, ರಕ್ತದ ಅಗತ್ಯ, ಅಪಾಯ, ಖರ್ಚು ಎಲ್ಲವೂ ಹೆಚ್ಚು.

ಈ ಮಾಹಿತಿ ಇಲ್ಲದೆ ಹೋದರೆ ತಪ್ಪು ಎರಡೂ ಕಡೆ ಆಗಬಹುದು. ಬೇಡದ ಮಣಿಗಳನ್ನು ಬೆಸೆದರೆ ಮಗು ಜೀವನಪೂರ್ತಿ ಬಾಗುವ ಶಕ್ತಿ ಕಳೆದುಕೊಳ್ಳುತ್ತದೆ. ಬೇಕಾದ ಮಣಿಗಳನ್ನು ಬಿಟ್ಟರೆ ಉಳಿದ ಬಾಗು ಬೆಳೆದು ಇನ್ನೊಂದು ಆಪರೇಷನ್ ಬೇಕಾಗಬಹುದು. ಎರಡನೇ ಆಪರೇಷನ್‌ಗೆ ಮತ್ತೆ ಸಾಲ ಮಾಡುವ ಶಕ್ತಿ ನಮ್ಮ ಎಷ್ಟು ಕುಟುಂಬಗಳಿಗಿದೆ?

ಯಾವ ಯಾವ ರೀತಿಯಲ್ಲಿ ತೆಗೆಯುತ್ತಾರೆ?

ಮಲಗಿಸಿ ಪಕ್ಕಕ್ಕೆ ಬಾಗಿಸುವುದು: ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವುದು ಇದು. ಮಗು ಅಂಗಾತ ಮಲಗಿ ತನ್ನ ಶಕ್ತಿಯಿಂದಲೇ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಆದಷ್ಟೂ ಬಾಗಬೇಕು. ಮಗು ಹೆದರಿ ಅರ್ಧ ಬಾಗಿದರೆ ಬಳುಕುವ ಬೆನ್ನೂ ಪೆಡಸಾಗಿ ಕಾಣುತ್ತದೆ. ಆದ್ದರಿಂದ ಹಿಂದಿನ ದಿನವೇ ಮಗುವಿಗೆ ವಿವರಿಸಿ, ಮನೆಯ ಚಾಪೆಯ ಮೇಲೆ ಎರಡು ಸಲ ಅಭ್ಯಾಸ ಮಾಡಿಸುವುದು ಒಳ್ಳೆಯದು.

ದಿಂಬಿನ ಮೇಲೆ ಮಲಗಿಸುವುದು: ಮಗುವನ್ನು ಮಗ್ಗುಲಾಗಿ ಮಲಗಿಸಿ, ಬಾಗು ಹೆಚ್ಚಿರುವ ಜಾಗದ ಪಕ್ಕೆಲುಬಿನ ಕೆಳಗೆ ಗಟ್ಟಿಯಾದ ಉರುಟು ದಿಂಬು ಇಡುತ್ತಾರೆ. ದೇಹದ ಭಾರವೇ ಬೆನ್ನನ್ನು ಬಗ್ಗಿಸುತ್ತದೆ. ಮಗುವಿನ ಪ್ರಯತ್ನವನ್ನು ಅವಲಂಬಿಸಬೇಕಿಲ್ಲ. 1997ರಲ್ಲಿ ಹಾಂಗ್‌ಕಾಂಗ್‌ನ ವೈದ್ಯರಾದ ಚಿಯುಂಗ್ ಮತ್ತು ಲುಕ್ ಈ ವಿಧಾನವನ್ನು ಪ್ರಕಟಿಸಿದರು. ಎದೆಯ ಭಾಗದ ಬಾಗು ಆಪರೇಷನ್‌ನಲ್ಲಿ ಎಷ್ಟು ಸರಿಹೋಗಬಹುದು ಎಂದು ಅಂದಾಜಿಸಲು ಇದು ಚೆನ್ನಾಗಿ ನೆರವಾಗುತ್ತದೆ.

ಎಳೆದು ತೆಗೆಯುವುದು: ಒಬ್ಬರು ತಲೆಯ ಕಡೆಯಿಂದ, ಒಬ್ಬರು ಕಾಲಿನ ಕಡೆಯಿಂದ ಹದವಾಗಿ ಎಳೆದು ಹಿಡಿದಾಗ ಎಕ್ಸ್‌ರೇ ತೆಗೆಯುತ್ತಾರೆ. 60 ಡಿಗ್ರಿ ಮೀರಿದ ದೊಡ್ಡ ಬಾಗುಗಳಲ್ಲಿ ಪಕ್ಕಕ್ಕೆ ಬಾಗಿಸುವುದಕ್ಕಿಂತ ಇದು ಹೆಚ್ಚು ಮಾಹಿತಿ ಕೊಡಬಹುದು. ಕೆಲವು ಕಡೆ ಅರಿವಳಿಕೆ ಕೊಟ್ಟ ನಂತರ, ಸ್ನಾಯುಗಳು ಸಡಿಲವಾದಾಗ ಎಳೆದು ನೋಡುತ್ತಾರೆ.

ಬೋರಲು ಮಲಗಿಸಿ ಒತ್ತುವುದು: ವೈದ್ಯರು ಬಾಗಿನ ತುದಿಯನ್ನು ಕೈಯಿಂದ ಒತ್ತಿ ಹಿಡಿಯುತ್ತಾರೆ. ಮುಖ್ಯ ಬಾಗು ಸರಿಯಾದರೆ ಅದರ ಮೇಲಿನ, ಕೆಳಗಿನ ಭಾಗಗಳು ಹೇಗೆ ಹೊಂದಿಕೊಳ್ಳುತ್ತವೆ ಎಂಬುದು ಇದರಿಂದ ತಿಳಿಯುತ್ತದೆ.

ಇವೆಲ್ಲವೂ ಎಲ್ಲರಿಗೂ ಬೇಡ. ಯಾವುದು ಬೇಕು ಎಂದು ವೈದ್ಯರೇ ನಿರ್ಧರಿಸುತ್ತಾರೆ. ಒಂದು ಮಾತು ನೆನಪಿರಲಿ. ಬಾಗಿಸಿದ ಎಕ್ಸ್‌ರೇಯಲ್ಲಿ ಕಂಡದ್ದೇ ಆಪರೇಷನ್‌ನ ಕೊನೆಯ ಫಲವಲ್ಲ. ಇಂದಿನ ಸ್ಕ್ರೂ ಪದ್ಧತಿಯಲ್ಲಿ ಅನೇಕರಿಗೆ ಅದಕ್ಕಿಂತ ಹೆಚ್ಚು ಸರಿಹೋಗುತ್ತದೆ. ಬೆನ್ನು ಪೂರ್ತಿ ನೇರವಾಗಲೇಬೇಕು ಎಂಬ ಹಟವೂ ಬೇಡ. ಸಮತೋಲನ ಬರುವುದು, ಬಾಗು ಮುಂದೆ ಬೆಳೆಯದಿರುವುದು ಮುಖ್ಯ.

ತಾಯಂದಿರು ಕೇಳುವ ಪ್ರಶ್ನೆಗಳು

ಇಷ್ಟು ಎಕ್ಸ್‌ರೇಯಿಂದ ಹಾನಿಯಿಲ್ಲವೇ? ವಿಕಿರಣ ಸ್ವಲ್ಪ ಇದ್ದೇ ಇರುತ್ತದೆ. ಅದಕ್ಕಾಗಿಯೇ ಬಾಗಿಸುವ ಎಕ್ಸ್‌ರೇಗಳನ್ನು ಪ್ರತಿ ಭೇಟಿಯಲ್ಲಿ ತೆಗೆಯುವುದಿಲ್ಲ, ಆಪರೇಷನ್ ಯೋಜಿಸುವಾಗ ಮಾತ್ರ ತೆಗೆಯುತ್ತಾರೆ. ನಿಂತ ಎಕ್ಸ್‌ರೇಯನ್ನು ಬೆನ್ನಿನ ಕಡೆಯಿಂದ ತೆಗೆದರೆ ಎದೆಗೆ ಬೀಳುವ ವಿಕಿರಣ ಕಡಿಮೆಯಾಗುತ್ತದೆ. ಹಳೆಯ ಫಿಲ್ಮ್‌ಗಳನ್ನೂ ಸಿ.ಡಿ.ಗಳನ್ನೂ ಜೋಪಾನವಾಗಿಟ್ಟರೆ ಮತ್ತೆ ಮತ್ತೆ ತೆಗೆಸುವುದು ತಪ್ಪುತ್ತದೆ.

ಮಗಳ ಪರದೆಗೆ ತೊಂದರೆಯಾಗುವುದಿಲ್ಲವೇ? ಆಸ್ಪತ್ರೆಯ ಗೌನ್ ಕೊಡುತ್ತಾರೆ. ಮಹಿಳಾ ಸಿಬ್ಬಂದಿ ಬೇಕೆಂದು ಮೊದಲೇ ವಿನಂತಿಸಿ, ತಾಯಿ ಬಾಗಿಲವರೆಗೆ ಜೊತೆಗಿರಿ. ಮುಟ್ಟಿನ ದಿನಾಂಕ, ಗರ್ಭದ ಸಾಧ್ಯತೆ ಕುರಿತು ಸಿಬ್ಬಂದಿ ಕೇಳಿದರೆ ಬೇಸರಿಸಬೇಡಿ. ಅದು ಎಕ್ಸ್‌ರೇ ಕೋಣೆಯ ನಿಯಮ. ಮುಟ್ಟಾಗುವ ವಯಸ್ಸಿನ ಎಲ್ಲರನ್ನೂ ಹಾಗೆಯೇ ಕೇಳುತ್ತಾರೆ.

ಆಪರೇಷನ್ ಆದ ಮೇಲೆ ಸುಜೂದ್ ಮಾಡಲಾಗುತ್ತದೆಯೇ? ಸುಜೂದ್‌ನಲ್ಲಿ ಹೆಚ್ಚಾಗಿ ಮಡಚುವುದು ಸೊಂಟದ ಕೀಲು ಮತ್ತು ಮೊಣಕಾಲು. ಎಷ್ಟು ಮಣಿ ಬೆಸೆದಿದ್ದಾರೆ ಎಂಬುದರ ಮೇಲೆ ಸಲೀಸು ಕಷ್ಟ ಇರುತ್ತದೆ. ಯಾವಾಗ ಆರಂಭಿಸಬಹುದೆಂದು ವೈದ್ಯರನ್ನೇ ಕೇಳಿ. ಅಲ್ಲಿಯವರೆಗೆ ಕುರ್ಚಿಯಲ್ಲಿ ಕುಳಿತು ನಮಾಝ್ ಮಾಡಲು ರೋಗಿಗೆ ದೀನ್‌ನಲ್ಲಿ ರಿಯಾಯಿತಿ ಇದೆ.

ಮದುವೆ, ಹೆರಿಗೆಗೆ ತೊಡಕಾಗುತ್ತದೆಯೇ? ಈ ಆಪರೇಷನ್ ಆದ ಹೆಣ್ಣುಮಕ್ಕಳು ಸಾಮಾನ್ಯವಾಗಿ ಎಲ್ಲರಂತೆ ತಾಯಂದಿರಾಗುತ್ತಾರೆ. ಸೊಂಟದವರೆಗೆ ಬೆಸೆದಿದ್ದರೆ ಹೆರಿಗೆಯ ಹೊತ್ತಿಗೆ ಬೆನ್ನಿಗೆ ಕೊಡುವ ಇಂಜೆಕ್ಷನ್ ಕಷ್ಟವಾಗಬಹುದು. ಆದ್ದರಿಂದ ಅರಿವಳಿಕೆ ವೈದ್ಯರಿಗೆ ಮೊದಲೇ ತಿಳಿಸಬೇಕು. ಸಂಬಂಧ ತಪ್ಪಬಹುದೆಂದು ಬಾಗನ್ನು ಮುಚ್ಚಿಟ್ಟು ವರ್ಷ ಕಳೆದರೆ ಬಾಗು ದೊಡ್ಡದಾಗುತ್ತದೆ, ಜೊತೆಗೆ ಪೆಡಸಾಗುತ್ತದೆ.

ಎಣ್ಣೆ ತಿಕ್ಕಿಸಿದರೆ, ಮೂಳೆ ಕೂರಿಸುವವರ ಬಳಿ ಎಳೆಸಿದರೆ ನೆಟ್ಟಗಾಗದೇ? ದೊಡ್ಡ ಬಾಗು ಅದರಿಂದ ನೆಟ್ಟಗಾಗುವುದಿಲ್ಲ. ವೈದ್ಯರ ಮೇಲ್ವಿಚಾರಣೆಯಿಲ್ಲದೆ ಬೆನ್ನನ್ನು ಎಳೆಸುವುದು ಅಪಾಯ. ಬಹಳ ಪೆಡಸಾದ ದೊಡ್ಡ ಬಾಗುಗಳಿಗೆ ಕೆಲವು ಆಸ್ಪತ್ರೆಗಳಲ್ಲಿ ತಲೆಗೆ ಉಂಗುರದಂಥ ಪಟ್ಟಿ ಅಳವಡಿಸಿ, ಕೆಲವು ವಾರ ನಿಧಾನವಾಗಿ ಎಳೆದು ಸಡಿಲಿಸಿದ ನಂತರ ಆಪರೇಷನ್ ಮಾಡುತ್ತಾರೆ. ಅಲ್ಲಿ ಕೈಕಾಲಿನ ಶಕ್ತಿಯನ್ನು ಪ್ರತಿದಿನ ಪರೀಕ್ಷಿಸುತ್ತಾರೆ. ಎರಡನ್ನೂ ಒಂದೇ ಎಂದು ತಿಳಿಯಬಾರದು.

ನೆರವು ಮತ್ತು ವಿದ್ಯಾರ್ಥಿವೇತನ: ಅರ್ಜಿದಾರರ ಗಮನಕ್ಕೆ

ಟ್ರಸ್ಟ್‌ಗೆ ಬರುವ ಹಣ ದಾನಿಗಳು ನಮ್ಮ ಕೈಗಿಟ್ಟ ಅಮಾನತ್. ಅದು ಸರಿಯಾದ ಮಗುವಿಗೆ, ಸರಿಯಾದ ಚಿಕಿತ್ಸೆಗೆ ತಲುಪಬೇಕು. ಆದ್ದರಿಂದ ಸ್ಕೋಲಿಯೋಸಿಸ್ ಅರ್ಜಿಗಳಿಗೆ ಈ ಕ್ರಮವನ್ನು ಅನುಸರಿಸುತ್ತೇವೆ.

1. ಅರ್ಜಿಯ ಜೊತೆ ನಿಂತು ತೆಗೆದ ಪೂರ್ತಿ ಬೆನ್ನಿನ ಎಕ್ಸ್‌ರೇ, ಬಾಗಿಸಿ ಅಥವಾ ಎಳೆದು ತೆಗೆದ ಎಕ್ಸ್‌ರೇ ಮತ್ತು ವೈದ್ಯರ ಅಭಿಪ್ರಾಯ ಪತ್ರ ಇರಲಿ. ಎಂ.ಆರ್.ಐ., ಶ್ವಾಸಕೋಶದ ಪರೀಕ್ಷೆ ಬರೆದುಕೊಟ್ಟಿದ್ದರೆ ಅವನ್ನೂ ಸೇರಿಸಿ.

2. ಬಾಗಿಸುವ ಎಕ್ಸ್‌ರೇಗೆ ಹಣವಿಲ್ಲದಿದ್ದರೆ ಅದನ್ನು ಬಿಟ್ಟು ಅರ್ಜಿ ಹಾಕಬೇಡಿ. ವೈದ್ಯರ ಚೀಟಿ ತನ್ನಿ. ಪರೀಕ್ಷೆಯ ಖರ್ಚನ್ನು ಆಪರೇಷನ್ ಅರ್ಜಿಗೆ ಕಾಯಿಸದೆ ಮೊದಲೇ ಪರಿಗಣಿಸುತ್ತೇವೆ. ಅರ್ಹರಿಗೆ ಝಕಾತ್ ನಿಧಿಯಿಂದ, ಉಳಿದವರಿಗೆ ಸದಕಾ ನಿಧಿಯಿಂದ ನೆರವು ಸಿಗುತ್ತದೆ.

3. ರೇಷನ್ ಕಾರ್ಡ್ ಇರುವವರು ಮೊದಲು ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಕಂಡು, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಏನು ಸಿಗುತ್ತದೆ ಎಂದು ಬರೆಸಿಕೊಂಡು ಬನ್ನಿ. ಸರ್ಕಾರದಿಂದ ಸಿಗುವುದನ್ನು ಪಡೆದ ನಂತರ ಉಳಿಯುವ ಕೊರತೆಗೆ ನಮ್ಮ ನೆರವು.

4. ವೈದ್ಯರನ್ನು ಮೂರು ಪ್ರಶ್ನೆ ಕೇಳಿ, ಉತ್ತರವನ್ನು ಅರ್ಜಿಯಲ್ಲಿ ಬರೆಯಿರಿ: ನನ್ನ ಮಗುವಿನ ಬಾಗು ಎಷ್ಟು ಬಳುಕುತ್ತದೆ? ಎಲ್ಲಿಂದ ಎಲ್ಲಿಯವರೆಗೆ ಬೆಸೆಯುತ್ತೀರಿ? ಆಪರೇಷನ್ ನಡೆಯುವಾಗ ಬೆನ್ನುಹುರಿಯ ನರಗಳ ಮೇಲೆ ಯಂತ್ರದ ನಿಗಾ ಇರುತ್ತದೆಯೇ?

5. ಚಿಕಿತ್ಸೆಯ ಕಾರಣದಿಂದ ಯಾವ ಮಗುವಿನ ವಿದ್ಯಾರ್ಥಿವೇತನವೂ ನಿಲ್ಲುವುದಿಲ್ಲ. ಸಾಮಾನ್ಯವಾಗಿ ಒಂದರಿಂದ ಒಂದೂವರೆ ತಿಂಗಳಲ್ಲಿ ಮಕ್ಕಳು ತರಗತಿಗೆ ಮರಳುತ್ತಾರೆ. ಆ ಅವಧಿಯ ಹಾಜರಾತಿ ಕೊರತೆಗೆ ಆಸ್ಪತ್ರೆಯ ಡಿಸ್ಚಾರ್ಜ್ ಪತ್ರದ ನಕಲು ಕೊಟ್ಟರೆ ಸಾಕು. ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳು ಪರೀಕ್ಷೆ ಮುಗಿಸಿ ಬೇಸಿಗೆ ರಜೆಯಲ್ಲಿ ಆಪರೇಷನ್ ಮಾಡಿಸಬಹುದೇ ಎಂದು ವೈದ್ಯರ ಜೊತೆ ಮಾತಾಡಿ. ಆದರೆ ವೈದ್ಯರು ಕಾಯಬಾರದೆಂದರೆ ಪರೀಕ್ಷೆಯ ಹೆಸರಿನಲ್ಲಿ ಮುಂದೂಡಬೇಡಿ.

ಮಸೀದಿ ಕಮಿಟಿಗಳು, ಮದ್ರಸಾ ಉಸ್ತಾದರು, ಶಾಲಾ ಶಿಕ್ಷಕಿಯರಲ್ಲಿ ನಮ್ಮದೊಂದು ವಿನಂತಿ. ಹತ್ತು ದಾಟಿದ ಮಕ್ಕಳ ಬೆನ್ನನ್ನು ತಾಯಂದಿರು ಆರು ತಿಂಗಳಿಗೊಮ್ಮೆ ಗಮನಿಸಲಿ ಎಂದು ಜುಮಾ ದಿನ ಒಂದು ಮಾತು ಹೇಳಿ, ಪೋಷಕರ ಸಭೆಯಲ್ಲಿ ಒಮ್ಮೆ ನೆನಪಿಸಿ. ಬೇಗ ಗೊತ್ತಾದ ಬಾಗಿಗೆ ಬ್ರೇಸ್ ಸಾಕಾಗಬಹುದು. ಬಳುಕುವಾಗಲೇ ಆಪರೇಷನ್ ಆದರೆ ಕಡಿಮೆ ಮಣಿಗಳನ್ನು ಬೆಸೆದು ಮುಗಿಸುವ ಅವಕಾಶ ಹೆಚ್ಚು.

ಚಿಕಿತ್ಸೆ ಪಡೆಯುತ್ತಿರುವ ಎಲ್ಲ ಮಕ್ಕಳಿಗೆ ಅಲ್ಲಾಹನು ಶಿಫಾ ನೀಡಲಿ, ಅವರಿಗಾಗಿ ದುಡಿಯುವ ವೈದ್ಯರಿಗೂ ದಾನಿಗಳಿಗೂ ಪ್ರತಿಫಲ ನೀಡಲಿ. ಆಮೀನ್.